ಡೆವಿಲ್‌ಗಳನ್ನು ಉಳಿಸಿದ ದ್ವೀಪ, ಪೆಂಗ್ವಿನ್‌ಗಳನ್ನು ಕಳೆದುಕೊಂಡ ದ್ವೀಪ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಶುರುಮಾಡಿದರೆ "ಆಮೇಲೆ ಮಾತಾಡೋಣಮ್ಮ, ಪ್ರಾಕ್ಟಿಕಲ್ ಇದೆ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಣ್ಣ ನಮ್ಮನ್ನು ಮೆಲ್ಬರ್ನ್‌ನಿಂದ ಆಸ್ಟ್ರೇಲಿಯಾದ ದ್ವೀಪರಾಜ್ಯ ಟ್ಯಾಸ್ಮೇನಿಯಾಕ್ಕೆ ಕರೆದುಕೊಂಡು ಹೋಗಿದ್ದ. ಹೋಬಾರ್ಟ್ ಊರು, ಬಂದರು, ಬೆಟ್ಟ ಎಲ್ಲ ಫೋಟೋದಲ್ಲಿ ನೋಡಿಕೋ. ನನಗೆ ಹೇಳಬೇಕಾಗಿರುವುದು ಮರಾಯಾ ದ್ವೀಪದ ಬಗ್ಗೆ. ಪ್ರಾಣಿಗಳ ಡಾಕ್ಟರ್ ಆಗುವವಳು ನೀನು, ಇದು ನಿನಗೆ ಬೇಕಾದ ವಿಷಯ.

ಟ್ಯಾಸ್ಮೇನಿಯಾದ ಪೂರ್ವ ಕರಾವಳಿಯ ಟ್ರಯಾಬನ್ನಾ ಎಂಬ ಸಣ್ಣ ಊರಿನಿಂದ ಬೋಟ್ ಹತ್ತಬೇಕು. ದ್ವೀಪದಲ್ಲಿ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ನಮ್ಮ ಕಾರನ್ನೂ ಒಯ್ಯುವ ಹಾಗಿಲ್ಲ. ನಡೆಯಬೇಕು, ಇಲ್ಲದಿದ್ದರೆ ಸೈಕಲ್. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೋದೆವು. ಅಲ್ಲಿ ಕರ್ರವಾಂಗ್ ಎಂಬ ಕಪ್ಪು ಹಕ್ಕಿಗಳಿವೆ. ಕೊಕ್ಕಿನಿಂದ ಬ್ಯಾಗಿನ ಜಿಪ್ ಎಳೆದು ತಿಂಡಿ ಕದಿಯುತ್ತವೆ. ನಿಮ್ಮಪ್ಪ ಊಟ ಮುಗಿಯುವ ತನಕ ಬ್ಯಾಗ್ ಕಾಯುತ್ತಾ ಕೂತಿದ್ದರು.

ರಾತ್ರಿ ತಂಗಿದ್ದು ದ್ವೀಪದ ಡಾರ್ಲಿಂಗ್ಟನ್‌ನಲ್ಲಿ. 1825ರಿಂದ ಬ್ರಿಟಿಷರು ಕೈದಿಗಳನ್ನು ಇಟ್ಟಿದ್ದ ಜಾಗ ಅದು, ಈಗ ವಿಶ್ವ ಪರಂಪರೆಯ ತಾಣ. ಅದೇ ಹಳೇ ಜೈಲಿನ ಕೋಣೆಗಳಲ್ಲಿ ಪ್ರವಾಸಿಗರಿಗೆ ಮಂಚ ಹಾಕಿದ್ದಾರೆ. ಕೋಣೆಯಲ್ಲಿ ಕರೆಂಟ್ ಇಲ್ಲ. ಹೊದಿಕೆ, ದಿಂಬು ನಾವೇ ಒಯ್ಯಬೇಕು. ಜೈಲಿನಲ್ಲಿ ಮಲಗಲು ದುಡ್ಡು ಕೊಡಬೇಕಾ ಎಂದು ನಿಮ್ಮಪ್ಪ ಗೊಣಗಿದ್ದು ಬಿಡು.

ಸಂಜೆಯಾಗುತ್ತಿದ್ದಂತೆ ಹುಲ್ಲುಗಾವಲಿನ ತುಂಬ ವೊಂಬ್ಯಾಟ್! ತುಂಬಿದ ರಾಗಿ ಚೀಲಕ್ಕೆ ನಾಲ್ಕು ಗಿಡ್ಡ ಕಾಲು ಹಚ್ಚಿದ ಹಾಗೆ. ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹುಲ್ಲು ಕೀಳುತ್ತಾ ಪಕ್ಕದಲ್ಲೇ ಹೋಗುತ್ತವೆ. ಹೊಟ್ಟೆಯ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಬಿಲ ತೋಡುವಾಗ ಮರಿಯ ಮೇಲೆ ಮಣ್ಣು ಬೀಳಬಾರದಲ್ವಾ, ಅದಕ್ಕೆ. ಇನ್ನು ಹಿಕ್ಕೆ, ನಗಬೇಡ, ಚೌಕ ಚೌಕ! ಕರುಳಿನ ಗೋಡೆ ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ ಇರುವುದರಿಂದ ಹೀಗಾಗುತ್ತದಂತೆ. ಅದನ್ನು ಕಂಡುಹಿಡಿದವರಿಗೆ 2019ರಲ್ಲಿ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಸೆಲ್ಫಿಗಾಗಿ ಇವುಗಳ ಬೆನ್ನು ಹತ್ತುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಎಂದು ಅಲ್ಲಿಗೆ ಬರುವವರನ್ನು ಕೇಳಿಕೊಳ್ಳುತ್ತಾರಂತೆ. ಅದೂ ಒಂದು ಪ್ರತಿಜ್ಞೆಯಾ ಅನ್ನಿಸಿತ್ತು. ಅಲ್ಲಿನ ಜನರ ಫೋನ್ ನೋಡಿದ ಮೇಲೆ ಬೇಕೇ ಬೇಕು ಅನ್ನಿಸಿತು.

ಆದರೆ ಈ ವೊಂಬ್ಯಾಟ್‌ಗಳು ಇಲ್ಲಿಯವಲ್ಲ. 1960ರ ದಶಕದ ಕೊನೆಯಿಂದ ಸರ್ಕಾರವೇ ದ್ವೀಪಕ್ಕೆ ಪ್ರಾಣಿಗಳನ್ನು ತಂದು ಬಿಟ್ಟಿತು. ಫಾರೆಸ್ಟರ್ ಕಾಂಗರೂ, ಕೇಪ್ ಬ್ಯಾರನ್ ಬಾತು ಎಲ್ಲ ಹಾಗೆ ಬಂದವು. ಬೇರೆ ಕಡೆ ಕಡಿಮೆಯಾಗುತ್ತಿದ್ದವುಗಳಿಗೆ ಇಲ್ಲಿ ರಕ್ಷಣೆ ಸಿಗಲಿ ಎಂಬ ಲೆಕ್ಕ. 1972ರಲ್ಲಿ ದ್ವೀಪ ರಾಷ್ಟ್ರೀಯ ಉದ್ಯಾನವಾಯಿತು.

ಇನ್ನು ಟ್ಯಾಸ್ಮೇನಿಯನ್ ಡೆವಿಲ್ ವಿಷಯ. ಸಣ್ಣ ನಾಯಿಯಷ್ಟಿರುವ, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವ ಕಪ್ಪು ಮಾಂಸಾಹಾರಿ ಪ್ರಾಣಿ ಅದು. 1996ರಲ್ಲಿ ಟ್ಯಾಸ್ಮೇನಿಯಾದ ಡೆವಿಲ್‌ಗಳ ಮುಖದಲ್ಲಿ ಗೆಡ್ಡೆ ಕಾಣಿಸಿತು. ಒಂದನ್ನೊಂದು ಕಚ್ಚಿದಾಗ ಕ್ಯಾನ್ಸರ್ ಕೋಶವೇ ಇನ್ನೊಂದಕ್ಕೆ ದಾಟುತ್ತದೆ. ನಮ್ಮ ಬೀದಿನಾಯಿಗಳಿಗೆ ಕೂಡುವಾಗ ಅಂಟುವ ಟಿವಿಟಿ ಎಂಬ ಕ್ಯಾನ್ಸರ್ ಗೆಡ್ಡೆಯೂ ಹೀಗೇ ಹರಡುತ್ತೆ, ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕೊಟ್ಟರೆ ವಾಸಿಯಾಗುತ್ತೆ ಎಂದು ನೀನೇ ಹೇಳಿದ್ದೆ, ನೆನಪಿದೆಯಾ? ಡೆವಿಲ್‌ಗೆ ಆ ಅದೃಷ್ಟ ಇಲ್ಲ. ಗೆಡ್ಡೆ ಬೆಳೆದು ತಿನ್ನಲಾಗದೆ ಸಾಯುತ್ತವೆ. ಹೆಚ್ಚಿನ ಕಡೆ ಸಂಖ್ಯೆ ಕುಸಿದುಹೋಯಿತು. ಆಗ ರೋಗವಿಲ್ಲದ ಡೆವಿಲ್‌ಗಳನ್ನು ಮರಾಯಾಕ್ಕೆ ತಂದರು. 2012ರಲ್ಲಿ 15, ಮರುವರ್ಷ 13. ಅವು ಅಲ್ಲಿ ಚೆನ್ನಾಗಿ ಬೆಳೆದವು. ರಾತ್ರಿ ಕಿಟಕಿಯ ಹೊರಗೆ ಅವುಗಳ ಕಿರುಚಾಟ ಕೇಳಿದೆ ನೋಡು, ಆ ಹೆಸರು ಯಾಕೆ ಬಂತು ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

ಅದೇ ದ್ವೀಪದಲ್ಲಿ ಪುಟ್ಟ ಪೆಂಗ್ವಿನ್‌ಗಳು ಇದ್ದವು. ಒಂದು ಕೆಜಿ ತೂಕದ ಹಕ್ಕಿ. ಹಗಲೆಲ್ಲ ಸಮುದ್ರದಲ್ಲಿ, ಕತ್ತಲಾದ ಮೇಲೆ ದಡ ಹತ್ತಿ ಬಿಲಕ್ಕೆ. ಡೆವಿಲ್ ಬರುವ ಮುಂಚೆ ಸುಮಾರು 3,000 ಜೋಡಿ ಇದ್ದವು ಎನ್ನುತ್ತಾರೆ. ಒಂದೂ ಉಳಿದಿಲ್ಲ ಎಂದು 2021ರಲ್ಲಿ ಬರ್ಡ್‌ಲೈಫ್ ಟ್ಯಾಸ್ಮೇನಿಯಾ ಸಂಸ್ಥೆ ಹೇಳಿತು. ಹೀಗಾಗಬಹುದು ಎಂದು ಮುಂಚೆಯೇ ಸರ್ಕಾರಿ ವರದಿಯಲ್ಲೂ ಎಚ್ಚರಿಸಿದ್ದರು. ನೆಲದಲ್ಲಿ ಗೂಡು ಕಟ್ಟುವ ಬಾತುಗಳು ಮರ ಹತ್ತಿ ಮೊಟ್ಟೆ ಇಡತೊಡಗಿದವಂತೆ. ಪೆಂಗ್ವಿನ್‌ಗೆ ಮರ ಹತ್ತಲು ಆಗುತ್ತಾ?

ಯಾರನ್ನು ಬಯ್ಯಬೇಕೋ ಗೊತ್ತಾಗಲಿಲ್ಲ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಡೆವಿಲ್ ಟ್ಯಾಸ್ಮೇನಿಯಾದ್ದೇ. ಆದರೆ ಈ ದ್ವೀಪದ ಪೆಂಗ್ವಿನ್‌ಗಳಿಗೆ ಅದರ ಪರಿಚಯವೇ ಇರಲಿಲ್ಲ. ಅಂಡಮಾನ್‌ನಲ್ಲಿ ಬ್ರಿಟಿಷರು ಚುಕ್ಕೆ ಜಿಂಕೆ ಬಿಟ್ಟರಲ್ಲ, ಹಾಗೆಯೇ. ನಾಗರಹೊಳೆಯಲ್ಲಿ ಅದನ್ನು ನೋಡಿ ಸಂತೋಷಪಡುತ್ತೇವೆ. ಅಂಡಮಾನ್‌ನಲ್ಲಿ ಅದೇ ಜಿಂಕೆ ಎಳೆ ಗಿಡ ಏಳಲು ಬಿಡುವುದಿಲ್ಲ. ನಮ್ಮೂರ ಕಡೆ ಹಿಡಿದ ಚಿರತೆಯನ್ನು ದೂರದ ಕಾಡಿಗೆ ಬಿಟ್ಟರು ಎಂದು ಪೇಪರ್‌ನಲ್ಲಿ ಓದಿದಾಗ ಒಳ್ಳೆಯದಾಯಿತು ಅಂದುಕೊಳ್ಳುತ್ತಿದ್ದೆ. ಇನ್ನು ಮೇಲೆ ಆ ಕಾಡಿನಲ್ಲಿ ಮೊದಲೇ ಯಾರಿದ್ದರು ಎಂದು ಕೇಳುತ್ತೇನೆ.

ಬೆಳಿಗ್ಗೆ ಸಮುದ್ರದ ದಡದ ಪೇಂಟೆಡ್ ಕ್ಲಿಫ್ಸ್‌ಗೆ ಹೋದೆವು. ಕಬ್ಬಿಣದ ಅಂಶದಿಂದ ಮರಳುಕಲ್ಲಿನ ಮೇಲೆ ಕೆಂಪು, ಹಳದಿ ಪಟ್ಟೆ. ಚೆಂದ ಇದೆ. ಆದರೆ ನನ್ನ ತಲೆಯಲ್ಲಿ ಪೆಂಗ್ವಿನ್ ಲೆಕ್ಕವೇ ಓಡುತ್ತಿತ್ತು.

ವಾಪಸ್ ಬರುವಾಗ ಬೋಟಿನಲ್ಲಿ ನಮ್ಮಿಬ್ಬರಿಗೂ ವಾದ. ಡೆವಿಲ್‌ಗಳನ್ನು ಹಿಡಿದು ಬೇರೆ ಕಡೆ ಒಯ್ಯಬೇಕು ಎಂದು ನಿಮ್ಮಪ್ಪ. ಗೆಡ್ಡೆ ಮೊದಲಿನಷ್ಟು ವೇಗವಾಗಿ ಹರಡುತ್ತಿಲ್ಲ, ಡೆವಿಲ್ ಪೂರ್ತಿ ಅಳಿಯಲಿಕ್ಕಿಲ್ಲ ಎಂದು 2020ರ ಅಧ್ಯಯನವೊಂದು ಹೇಳಿದೆ, ಹಾಗಾಗಿ ದ್ವೀಪದಲ್ಲಿ ಇಟ್ಟುಕೊಳ್ಳುವ ಅಗತ್ಯ ಕಡಿಮೆ ಎಂದು ಅವರ ವಾದ. ಲಸಿಕೆ ಇನ್ನೂ ಪ್ರಯತ್ನದಲ್ಲೇ ಇದೆ, ರೋಗ ಇಲ್ಲದ ಒಂದು ಗುಂಪು ಎಲ್ಲಾದರೂ ಇರಲೇಬೇಕು ಎಂದು ನಾನು. ಅಣ್ಣ ಸುಮ್ನೆ ನಗುತ್ತಿದ್ದ. ನೀನು ಯಾರ ಕಡೆ? ಪರೀಕ್ಷೆ ಮುಗಿದ ಮೇಲೆ ಬರೆ. ನಿಮ್ಮ ಪ್ರೊಫೆಸರ್‌ಗಳನ್ನೂ ಕೇಳಿ ನೋಡು. ಕಾರಣ ಸಮೇತ ಬೇಕು, ಅಪ್ಪನ ಮುಂದೆ ಓದಬೇಕು.

ಊಟ ಸರಿಯಾಗಿ ಮಾಡು.

ಇಂತಿ,
ಅಮ್ಮ