ಗೆಳೆಯನಿಗೊಂದು ಪತ್ರ: ಮೀಸೆ ಬಂದ ಅತ್ತೆಯೂ ಇಂಗ್ಲಿಷಿನ ‘ವುಡ್’ ಎಂಬುದೂ

ನವನಗರ, ಬಾಗಲಕೋಟೆ

ಪ್ರಿಯ ಈರಣ್ಣ,

ನಿನ್ನ ಪತ್ರ ತಲುಪಿತು. ವಿಜಯಪುರದ ಬಿಸಿಲಿನ ಕುರಿತು ನೀನು ತುಂಬಿಸಿದ ಒಂದೂವರೆ ಪುಟವನ್ನು ದಾಟಿ ಕೊನೆಯ ನಾಲ್ಕು ಸಾಲುಗಳಿಗೆ ಬಂದಾಗ, ನೀನು ಪತ್ರ ಬರೆದದ್ದೇ ಆ ನಾಲ್ಕು ಸಾಲುಗಳಿಗಾಗಿ ಎಂಬುದು ತಿಳಿಯಿತು. ಹತ್ತನೆಯ ತರಗತಿಯ ನಿನ್ನ ವಿದ್ಯಾರ್ಥಿಯೊಬ್ಬನು ‘ಎ ಬಾಯ್ ಹೂ ಹ್ಯಾಡ್ ಟಚ್ಡ್ ದಟ್ ವೈರ್ ವುಡ್ ಹ್ಯಾವ್ ಡೈಡ್’ ಎಂಬ ವಾಕ್ಯವನ್ನು ‘ಆ ತಂತಿಯನ್ನು ಮುಟ್ಟಿದ ಹುಡುಗ ಸತ್ತುಹೋಗಿದ್ದ’ ಎಂದು ಕನ್ನಡಕ್ಕೆ ತಂದನೆಂದೂ, ನೀನು ಎರಡು ಅಂಕ ಕಳೆದೆಯೆಂದೂ, ಅವನು ಎದ್ದು ನಿಂತು ‘ಇದರಾಗ ಇಫ್ ಎಲ್ಲೈತ್ರಿ, ಸರ?’ ಎಂದು ಕೇಳಿದನೆಂದೂ ಬರೆದಿರುವೆ. ಹುಡುಗ ಕೇಳಿದ್ದು ಸರಿಯಾಗಿಯೇ ಇದೆ. ಆ ವಾಕ್ಯದಲ್ಲಿ ‘ಇಫ್’ ಇಲ್ಲ. ಆದರೂ ಇಡೀ ವಾಕ್ಯ ನಿಂತಿರುವುದು ‘ಮುಟ್ಟಿದ್ದರೆ’ ಎಂಬ ಒಂದು ಊಹೆಯ ಮೇಲೆ. ಅಂಥ ಹುಡುಗ ಯಾರೂ ಇರಲಿಲ್ಲ, ಯಾರೂ ಸಾಯಲಿಲ್ಲ. ನಿನ್ನ ವಿದ್ಯಾರ್ಥಿಯ ಅನುವಾದದಲ್ಲಿ ಮಾತ್ರ ಒಂದು ಹೆಣ ಬಿದ್ದಿದೆ.

ಇಂಗ್ಲಿಷಿನಲ್ಲಿ ಈ ಊಹೆ ಎಲ್ಲಿ ಅಡಗಿ ಕುಳಿತಿದೆ ಎಂಬುದನ್ನು ಮೊದಲು ನೋಡೋಣ. ಅದು ಒಂದೇ ಪದದಲ್ಲಿಲ್ಲ, ಮೂರು ಕಡೆ ಹಂಚಿಕೊಂಡಿದೆ. ‘ಎ ಬಾಯ್’ ಎಂದಾಗ ಹೇಳುವವನ ಮನಸ್ಸಿನಲ್ಲಿ ಗೊತ್ತಾದ ಹುಡುಗನೊಬ್ಬನಿಲ್ಲ. ಆ ಜಾಗದಲ್ಲಿ ‘ಎನಿ ಬಾಯ್’ ಎಂದು ಹಾಕಿದರೂ ವಾಕ್ಯ ಕೆಡುವುದಿಲ್ಲ. ‘ಹೂ’ ಎಂಬ ಸಂಬಂಧಸೂಚಕದ ನಂತರ ಬಂದ ಕ್ರಿಯಾಪದ ತನ್ನ ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿಕೊಂಡು ‘ಹ್ಯಾಡ್ ಟಚ್ಡ್’ ಆಗಿದೆ. ಮುಖ್ಯ ವಾಕ್ಯದಲ್ಲಿ ‘ವುಡ್ ಹ್ಯಾವ್’ ಬಂದು, ನಡೆಯಬಹುದಾಗಿದ್ದದ್ದು ನಡೆಯಲಿಲ್ಲ ಎಂದು ಬಾಗಿಲು ಮುಚ್ಚಿದೆ. ಇವು ಒಂದಕ್ಕೊಂದು ಕೈಹಿಡಿದುಕೊಂಡಿರುವಾಗ ‘ಹೂ’ ಎಂಬುದು ‘ಇಫ್ ಹಿ’ ಎಂಬುದರ ಕೆಲಸವನ್ನೇ ಮಾಡುತ್ತದೆ. ‘ಎ’ ತೆಗೆದು ‘ದಿ’ ಇಟ್ಟು, ‘ವುಡ್ ಹ್ಯಾವ್’ ಕಿತ್ತು ಹಾಕಿ, ‘ದಿ ಬಾಯ್ ಹೂ ಹ್ಯಾಡ್ ಟಚ್ಡ್ ದಟ್ ವೈರ್ ಡೈಡ್’ ಎಂದು ಬರೆದು ನೋಡು: ಊಹೆ ಹಾರಿಹೋಗಿ ಪಂಚನಾಮೆ ಉಳಿಯುತ್ತದೆ. ನಿನ್ನ ವಿದ್ಯಾರ್ಥಿ ಕನ್ನಡಕ್ಕೆ ತಂದದ್ದು ಈ ಎರಡನೆಯ ವಾಕ್ಯವನ್ನು.

ಇಂಥ ಷರತ್ತಿನ ಮೂರು ಮೆಟ್ಟಿಲುಗಳ ವ್ಯತ್ಯಾಸವನ್ನೂ ತರಗತಿಯಲ್ಲಿ ತೋರಿಸಬಹುದು. ‘ಎ ಬಾಯ್ ಹೂ ಟಚಸ್ ದಟ್ ವೈರ್ ವಿಲ್ ಡೈ’ ಎಂಬುದು ವಿದ್ಯುತ್ ಕಂಬಕ್ಕೆ ತಗುಲಿಸಿದ ಎಚ್ಚರಿಕೆಯ ಹಲಗೆಯಂತೆ; ಅಪಾಯ ಈಗಲೂ ಅಲ್ಲೇ ಇದೆ. ‘ಟಚ್ಡ್’ ಮತ್ತು ‘ವುಡ್ ಡೈ’ ಬಂದಾಗ ಹೇಳುವವನು ಅದನ್ನು ಬರೀ ಕಲ್ಪಿಸಿಕೊಂಡು ಮಾತನಾಡುತ್ತಿದ್ದಾನೆ. ‘ಹ್ಯಾಡ್ ಟಚ್ಡ್’ ಮತ್ತು ‘ವುಡ್ ಹ್ಯಾವ್ ಡೈಡ್’ ಬಂದಾಗ ಆ ಗಂಡಾಂತರ ಕಳೆದುಹೋಗಿದೆ. ಇದನ್ನು ಇಷ್ಟಕ್ಕೇ ಬಿಡುತ್ತೇನೆ, ‘ಇಫ್’ ಪಾಠದಲ್ಲಿ ಇದನ್ನೇ ನೀನು ವರ್ಷವರ್ಷವೂ ಹೇಳುತ್ತಿರುವೆ.

ನಿಜವಾದ ತೊಡಕು ಇರುವುದು ನಮ್ಮ ಭಾಷೆಯ ಕಡೆ. ‘ಅತ್ತೆಗೆ ಮೀಸೆ ಬಂದಿದ್ದರೆ ಮಾವ ಎನ್ನಬಹುದಿತ್ತು’ ಎಂದು ನಮ್ಮವರು ನಗೆಯಾಡುತ್ತಾರಲ್ಲ, ಅದನ್ನೇ ತೆಗೆದುಕೋ. ಇಂಗ್ಲಿಷಿನವನು ಇದನ್ನು ‘ಇಫ್’ ಇಲ್ಲದೆಯೇ ‘ಆ್ಯನ್ ಆಂಟ್ ಹೂ ಹ್ಯಾಡ್ ಎ ಮುಸ್ಟಾಶ್ ವುಡ್ ಬಿ ಆ್ಯನ್ ಅಂಕಲ್’ ಎಂದು ಹೇಳಿಬಿಡಬಲ್ಲನು, ಕೇಳಿದವರಾರೂ ಅಂಥ ಅತ್ತೆಯನ್ನು ಹುಡುಕಿಕೊಂಡು ಹೊರಡುವುದಿಲ್ಲ. ಕನ್ನಡದಲ್ಲಿ ‘ಮೀಸೆ ಬಂದ ಅತ್ತೆ’ ಎಂದು ಶುರುಮಾಡಿ ನೋಡು. ವಾಕ್ಯ ಮುಗಿಯುವ ಮೊದಲೇ ಆಕೆ ಪಡಸಾಲೆಗೆ ಬಂದು ಕುಳಿತಿರುತ್ತಾಳೆ, ಮೀಸೆಯ ಸಮೇತ. ಶಾಲೆಯಲ್ಲಿ ಕೃದಂತನಾಮವೆಂದು ನಾವು ಕಲಿತ ರೂಪಗಳು ಮೂರೇ: ಮುಳುಗಿದ, ಮುಳುಗುವ, ಮುಳುಗದ. ಆದದ್ದು, ಆಗುವುದು, ಆಗದ್ದು. ಇವುಗಳ ಮುಂದೆ ಒಂದು ನಾಮಪದವನ್ನು ಇಟ್ಟೊಡನೆ ಆ ವಸ್ತು ಇದೆ ಎಂಬುದಕ್ಕೆ ಭಾಷೆಯೇ ಜಾಮೀನು ನಿಂತಂತಾಗುತ್ತದೆ. ‘ಆಗಿದ್ದರೆ ಆಗುತ್ತಿದ್ದ’ ಎಂಬ ಅರ್ಥಕ್ಕೆ ನಾಲ್ಕನೆಯ ರೂಪವಿಲ್ಲ.

ಹಾಗೆಂದು ಕನ್ನಡಕ್ಕೆ ಊಹೆ ಗೊತ್ತಿಲ್ಲ ಎನ್ನುವ ಮಾತು ಬೇಡ. ‘ಬಂದಾನು’, ‘ಮುಳುಗೀತು’, ‘ಬಿದ್ದೀತು’ ಎಂಬ ಸಂಭಾವನಾರ್ಥಕ ರೂಪಗಳು ನಮ್ಮಲ್ಲಿವೆ, ಒಂದೇ ಪದದಲ್ಲಿ ಅನುಮಾನವನ್ನು ಅಷ್ಟು ಚೆಂದವಾಗಿ ಹೇಳುವ ಸೌಕರ್ಯ ಇಂಗ್ಲಿಷಿಗಿಲ್ಲ. ಆದರೆ ಈ ರೂಪಗಳು ವಾಕ್ಯದ ಕೊನೆಯಲ್ಲಿ ಮಾತ್ರ ಕೂಡುತ್ತವೆ. ‘ಮನೆ ಮುಳುಗೀತು’ ಎನ್ನಬಹುದು. ಅದನ್ನು ತಿರುಗಿಸಿ ‘ಮನೆ’ ಎಂಬ ಪದದ ಮೊದಲು ವಿಶೇಷಣವಾಗಿ ಕೂಡಿಸಲು ಹೋದರೆ ‘ಮುಳುಗಬಹುದಾದ ಮನೆ’ ಎಂದು ಬೇರೊಂದು ಪದದ ಸಹಾಯ ಬೇಕಾಗುತ್ತದೆ. ಹಾಗೆ ಸಹಾಯಕ್ಕೆ ಬರುವ ಪದಗಳು ಬರಿಗೈಯಲ್ಲಿ ಬರುವುದಿಲ್ಲ. ‘ಬಹುದಾದ’ ಎಂದರೆ ಸಾಧ್ಯತೆ. ‘ಮುಳುಗಲಿದ್ದ’ ಎಂಬಲ್ಲಿನ ‘ಲಿದ್ದ’ ಎಂದರೆ ಇನ್ನೇನು ಆಗುವುದರಲ್ಲಿತ್ತು ಎಂಬ ಸಮೀಪ. ‘ಬೇಕಾಗಿದ್ದ’ ಎಂದರೆ ವಿಧಿ ಅಥವಾ ಹಕ್ಕು. ಇಂಗ್ಲಿಷಿನ ‘ವುಡ್ ಹ್ಯಾವ್’ ಈ ಮೂರರಲ್ಲಿ ಯಾವುದನ್ನೂ ತಾನಾಗಿ ಹೇಳುವುದಿಲ್ಲ, ಷರತ್ತಿನ ಫಲವನ್ನಷ್ಟೇ ಹೇಳುತ್ತದೆ.

ಒಂದು ಕಡೆ ಮಾತ್ರ ಕನ್ನಡವೂ ಇಂಗ್ಲಿಷಿನ ಸರಿಸಮ ನಿಲ್ಲುತ್ತದೆ ಎಂಬುದು ಇತ್ತೀಚೆಗೆ ನನಗೆ ಹೊಳೆಯಿತು. ‘ಬುದ್ಧಿಯಿದ್ದವನು ಹೀಗೆ ಮಾಡುತ್ತಿದ್ದನೆ?’ ಎಂದು ನಿನ್ನ ತಂದೆಯವರು ನಮ್ಮಿಬ್ಬರನ್ನೂ ಎಷ್ಟು ಸಲ ಬೈದಿಲ್ಲ! ಅಲ್ಲಿ ‘ಬುದ್ಧಿಯಿದ್ದವನು’ ಎಂಬ ವ್ಯಕ್ತಿ ಯಾರೂ ಇರಲಿಲ್ಲ, ಇದ್ದವರು ನಾವಿಬ್ಬರೇ. ‘ಬುದ್ಧಿ ಇದ್ದಿದ್ದರೆ ಮಾಡುತ್ತಿರಲಿಲ್ಲ’ ಎಂಬ ಷರತ್ತು ಆ ಒಂದು ಪದದೊಳಗೇ ಮಡಚಿಕೊಂಡಿತ್ತು. ನಾಮಪದದ ಬದಲು ‘ಅವನು’ ಎಂಬ ಸರ್ವನಾಮ ಸೇರಿ, ವಾಕ್ಯ ಪ್ರಶ್ನೆಯೋ ನಿಷೇಧವೋ ಆಗಿದ್ದಾಗ ಕನ್ನಡದಲ್ಲೂ ಜಾಮೀನು ಸಡಿಲವಾಗುತ್ತದೆ. ಇದನ್ನು ನಿನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳು. ಮನೆಯಲ್ಲಿ ದಿನಾ ಕೇಳುವ ಬೈಗುಳದಿಂದ ‘ಹೂ... ವುಡ್’ ತನಕ ಹೋಗುವ ದಾರಿ ಹತ್ತಿರದ್ದು.

ಇನ್ನು ಅಲ್ಪವಿರಾಮದ ನಂತರ ಬರುವ ‘ವಿಚ್’ ಬೇರೆಯೇ ಜಾತಿಯದು. ‘ಹಿ ಸಜೆಸ್ಟೆಡ್ ಸೆಲ್ಲಿಂಗ್ ದಿ ಹೌಸ್, ವಿಚ್ ವುಡ್ ಹ್ಯಾವ್ ಲೆಫ್ಟ್ ಅಸ್ ಹೋಮ್‌ಲೆಸ್.’ ಇಲ್ಲಿನ ‘ವಿಚ್’ ಮನೆಯನ್ನು ಹಿಡಿದಿಲ್ಲ, ಮನೆ ಮಾರುವ ಕೆಲಸವನ್ನೇ ಇಡಿಯಾಗಿ ಹಿಡಿದಿದೆ. ಮಾರಲಿಲ್ಲ, ಆದ್ದರಿಂದ ಬೀದಿಗೂ ಬೀಳಲಿಲ್ಲ ಎಂಬ ಎರಡು ಸುದ್ದಿಗಳು ‘ವುಡ್ ಹ್ಯಾವ್’ ಎಂಬ ಎರಡು ಪದಗಳಲ್ಲಿವೆ. ನಮ್ಮ ಪತ್ರಿಕೆಗಳ ಅನುವಾದಗಳಲ್ಲಿ ಇದು ‘ಅದು ನಮ್ಮನ್ನು ಮನೆಯಿಲ್ಲದವರನ್ನಾಗಿ ಮಾಡುತ್ತಿತ್ತು’ ಎಂದು ಬರುವುದನ್ನು ಕಂಡಾಗಲೆಲ್ಲ ನನಗೆ ಹಲ್ಲಿನಡಿ ಕಲ್ಲು ಸಿಕ್ಕಂತಾಗುತ್ತದೆ. ಕನ್ನಡದವನು ಪೂರ್ಣವಿರಾಮ ಇಟ್ಟು ಉಸಿರು ತೆಗೆದುಕೊಂಡು, ‘ಮನೆ ಮಾರೋಣ ಎಂದ. ಹಾಗೇನಾದರೂ ಮಾರಿದ್ದರೆ ಬೀದಿಗೆ ಬೀಳುತ್ತಿದ್ದೆವು’ ಎನ್ನುತ್ತಾನೆ. ‘ಹಾಗೇನಾದರೂ’ ಎಂಬುದೇ ಇಂಗ್ಲಿಷಿನ ಆ ‘ವಿಚ್’. ಈ ಒಂದು ಪದ ಕೈಗೆ ಸಿಕ್ಕರೆ ಅರ್ಧ ಕಷ್ಟ ಪರಿಹಾರ.

ಒಂದು ಬಲೆಯ ಬಗ್ಗೆಯೂ ಎಚ್ಚರಿಸುತ್ತೇನೆ. ‘ವುಡ್’ ಕಂಡಲ್ಲೆಲ್ಲ ಊಹೆ ಇರುವುದಿಲ್ಲ. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರ ಬಗ್ಗೆ ನನ್ನ ವಿದ್ಯಾರ್ಥಿಗಳಿಗೆ ಒಂದು ವಾಕ್ಯ ಕೊಟ್ಟಿದ್ದೆ: ‘ದಿ ಬಾಯ್ ಫ್ರಮ್ ಸಾವಳಗಿ ಹೂ ವುಡ್ ಬಿಕಮ್ ಚೀಫ್ ಮಿನಿಸ್ಟರ್.’ ಒಬ್ಬಳು ಅದನ್ನು ‘ಮುಖ್ಯಮಂತ್ರಿಯಾಗುತ್ತಿದ್ದ ಸಾವಳಗಿಯ ಹುಡುಗ’ ಎಂದು ಬರೆದಳು, ಪಾಪ, ಹುದ್ದೆ ಕೈತಪ್ಪಿದವರ ಹಾಗೆ. ಅವರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು. ಕಳೆದ ಕಾಲದಲ್ಲಿ ನಿಂತು ಮುಂದೆ ನಿಜವಾಗಿ ಆದದ್ದನ್ನು ನೋಡುವ ‘ವುಡ್’ ಅದು. ‘ಮುಂದೆ ಮುಖ್ಯಮಂತ್ರಿಯಾದ’ ಎಂದರೆ ಮುಗಿಯಿತು. ‘ದಿ’ ಇದ್ದು, ಗೊತ್ತಾದ ವ್ಯಕ್ತಿಯಿದ್ದು, ‘ಹ್ಯಾವ್’ ಇಲ್ಲದಿದ್ದರೆ, ಊಹೆಗಿಂತ ಮೊದಲು ಚರಿತ್ರೆಯನ್ನು ಅನುಮಾನಿಸಬೇಕು.

ಇಷ್ಟೆಲ್ಲ ಬಲ್ಲವನಂತೆ ಬರೆಯುತ್ತಿರುವ ನಾನೇ ಇದರಲ್ಲಿ ಜಾರಿ ಬಿದ್ದ ಕಥೆಯನ್ನು ನಿನಗೆ ಈವರೆಗೆ ಹೇಳಿರಲಿಲ್ಲ. ಆಲಮಟ್ಟಿ ಜಲಾಶಯದ ಈಗಿನ ಪೂರ್ಣ ಮಟ್ಟ 519.6 ಮೀಟರ್ ಎಂಬುದೂ, ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತೆಂಬುದೂ ನಿನಗೆ ಗೊತ್ತೇ ಇದೆ. ಕೆಲವು ವರ್ಷಗಳ ಹಿಂದೆ ಆ ಕುರಿತ ಇಂಗ್ಲಿಷ್ ಟಿಪ್ಪಣಿಯೊಂದನ್ನು ಊರವರ ಸಭೆಯಲ್ಲಿ ಓದಲೆಂದು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ‘ಲ್ಯಾಂಡ್ಸ್ ದಟ್ ವುಡ್ ಬಿ ಸಬ್‌ಮರ್ಜ್ಡ್ ಅಟ್ ದಿ ಹೈಯರ್ ಲೆವೆಲ್’ ಎಂದಿತ್ತು. ಷರತ್ತು ‘ಹೈಯರ್ ಲೆವೆಲ್’ ಎಂಬ ಎರಡು ಪದಗಳಲ್ಲಿ ಅಡಗಿತ್ತು. ‘ವುಡ್’ ಅದಕ್ಕೆ ಕಾವಲಿತ್ತು. ನಾನು ಅವಸರದಲ್ಲಿ ‘ಮೇಲಿನ ಮಟ್ಟದಲ್ಲಿ ಮುಳುಗಡೆಯಾಗುವ ಜಮೀನುಗಳು’ ಎಂದು ಬರೆದು ಕೊಟ್ಟೆ. ಓದಿ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, ‘ಯಾವಾಗ ಮುಳುಗತಾವ್ರಿ, ಈ ಮಳಿಗಾಲಕ್ಕ?’ ಎಂದು ಕೇಳಿದರು. ಮುಳುಗಡೆ ಎಂಬ ಪದ ಈ ಊರಿನಲ್ಲಿ ನಿಘಂಟಿನ ಪದವಲ್ಲ. ಘಟಪ್ರಭೆಯ ದಂಡೆಯಲ್ಲಿದ್ದ ಹಳೆಯ ಓಣಿಗಳನ್ನು ಆಲಮಟ್ಟಿಯ ಹಿನ್ನೀರಿಗೆ ಬಿಟ್ಟು ನವನಗರಕ್ಕೆ ಬಂದವರ ಬಾಯಲ್ಲಿ ಅದು ಕಾಲವನ್ನು ಎಣಿಸುವ ಪದ, ‘ಮುಳುಗಡೆಯ ಮೊದಲು’, ‘ಮುಳುಗಡೆಯ ಮೇಲೆ’ ಎಂದು. ಅವರ ಕಿವಿಗೆ ‘ಆಗುವ’ ಎಂದು ಬಿದ್ದರೆ ಅದು ಆಗಿಯೇ ತೀರುತ್ತದೆ.

ಆ ರಾತ್ರಿ ಕುಳಿತು ತಿದ್ದಿದೆ. ‘ಮುಳುಗಬಹುದಾದ’ ಎಂದರೆ, ಮಟ್ಟ ಏರಿಸಿದರೂ ಮುಳುಗದೆ ಉಳಿದಾವೇನೋ ಎಂಬ ಸುಳ್ಳು ಆಸೆ. ‘ಮುಳುಗಲಿರುವ’ ಎಂದರೆ ಮತ್ತೆ ಅದೇ ಭಯ. ಕೊನೆಗೆ ವಿಶೇಷಣದ ಹಂಗನ್ನೇ ಬಿಟ್ಟು, ‘ಮಟ್ಟವನ್ನು 524.256 ಮೀಟರಿಗೆ ಏರಿಸಿದ್ದೇ ಆದರೆ ಈ ಕೆಳಗಿನ ಜಮೀನುಗಳು ಮುಳುಗುತ್ತವೆ’ ಎಂದು ಬಿಚ್ಚಿ ಬರೆದೆ. ‘ಏರಿಸಿದರೆ’ ಎಂದಷ್ಟೇ ಬರೆದಿದ್ದರೆ ‘ವಿಲ್’ ಮತ್ತು ‘ವುಡ್’ ಒಂದೇ ಆಗಿಬಿಡುತ್ತಿದ್ದವು. ‘ಏರಿಸಿದ್ದೇ ಆದರೆ’ ಎಂಬಲ್ಲಿ ಆ ದೂರ ತುಸುವಾದರೂ ಬಂದೀತೆಂದು ನಂಬಿದ್ದೇನೆ. ನಿನಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಬರೆ.

ವಿಶೇಷಣವನ್ನು ಬಿಚ್ಚಲು ಮನಸ್ಸೊಪ್ಪದ ವಾಕ್ಯವೂ ಒಂದಿದೆ. ‘ದಿ ಹೌಸ್ ಐ ವುಡ್ ಹ್ಯಾವ್ ಗ್ರೋನ್ ಓಲ್ಡ್ ಇನ್’ ಎಂಬುದನ್ನು ‘ನಾನು ಮುದುಕನಾಗಬೇಕಾಗಿದ್ದ ಮನೆ’ ಎಂದೇ ಬರೆಯುತ್ತೇನೆ. ‘ಬೇಕಾಗಿದ್ದ’ ಎಂಬುದು ಇಂಗ್ಲಿಷಿನಲ್ಲಿಲ್ಲದ ಹಕ್ಕನ್ನು ಸೇರಿಸುತ್ತದೆ ಎಂದು ನೀನು ಆಕ್ಷೇಪಿಸುವೆ. ಸೇರಲಿ. ಆ ಮನೆಯ ವಿಷಯದಲ್ಲಿ ಅದು ಅನುವಾದದ ತಪ್ಪಲ್ಲ.

ಆ ಹುಡುಗನಿಗೆ ‘ಆ ತಂತಿಯನ್ನು ಯಾವ ಹುಡುಗ ಮುಟ್ಟಿದ್ದರೂ ಸಾಯುತ್ತಿದ್ದ’ ಎಂದು ಹಲಗೆಯ ಮೇಲೆ ಬರೆದು ತೋರಿಸು. ಅವನು ಕೇಳಿದ ‘ಇಫ್’ ಆ ‘ಮುಟ್ಟಿದ್ದರೂ’ ಎಂಬಲ್ಲಿದೆ. ಕಳೆದ ಎರಡು ಅಂಕಗಳಲ್ಲಿ ಒಂದನ್ನಾದರೂ ಅವನಿಗೆ ಮರಳಿಸು, ಪ್ರಶ್ನೆ ಕೇಳಿದ್ದಕ್ಕೆ.

ನಿನ್ನ,
ಸಂಗಮೇಶ