ಬಿಟ್ಟುಕೊಟ್ಟ ಕೆಲಸ, ಮುಚ್ಚಿಟ್ಟ ಜ್ವರ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಮತ್ತೆ ಕರೆ ಮಾಡೋಣವೆಂದುಕೊಂಡೆ. ಮಾತಿಗಿಳಿದರೆ ನಮ್ಮಿಬ್ಬರಿಗೂ ತಾಳ್ಮೆ ಸಾಲದು, ಆದ್ದರಿಂದ ಬರೆಯುತ್ತಿದ್ದೇನೆ. ನಿನ್ನ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೊಡುತ್ತಿದ್ದ ಕ್ಲೈಂಟ್ ಕೈಬಿಟ್ಟುಹೋದ ಸುದ್ದಿಯನ್ನು ನೀನು ಹೇಳಿದಾಗ, ನಾನು ಹಣದ ಮಾತೆತ್ತದೆ ನಿದ್ದೆ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳಿದೆ. "ತಿಂಗಳಿಗೊಮ್ಮೆ ಸಂಬಳ ಎಣಿಸಿಕೊಂಡವರಿಗೆ ಇದು ಅರ್ಥವಾಗುವುದಿಲ್ಲ ಅಪ್ಪ" ಎಂದೆ ನೀನು. ಆ ಮಾತಿನಲ್ಲಿ ನಿಜವಿದೆ, ಅದಕ್ಕೇ ನಾಟಿತು. ಹೊತ್ತು ನೋಡದೆ ಕೇಳಿದ್ದಕ್ಕೆ ಕ್ಷಮೆಯಿರಲಿ, ಕೇಳಿದ್ದಕ್ಕಲ್ಲ.

ಇಲ್ಲದ ಗ್ರಾಹಕರ ಹೆಸರಿನಲ್ಲಿ ಹೊಗಳಿಕೆ ಬರೆದು ವೆಬ್‌ಸೈಟಿಗೆ ಹಾಕಬೇಕೆಂದು ಆ ಕ್ಲೈಂಟ್ ಕೇಳಿದಾಗ ನೀನು ಆಗದು ಎಂದೆಯಲ್ಲ, ಅದನ್ನು ನಿನ್ನ ಅಮ್ಮನಿಗೆ ನಾನು ಎರಡೆರಡು ಸಲ ಹೇಳಿದೆ. ನಮ್ಮಂಥ ನೌಕರರಿಗೆ ಮೇಲಿನವರು ಹೇಳಿದರು, ಮಾಡಿದೆವು ಎಂಬ ಒಂದು ಮರೆ ಇರುತ್ತದೆ. ಸ್ವಂತ ಉದ್ಯೋಗದಲ್ಲಿರುವವರಿಗೆ ಆ ಮರೆಯಿಲ್ಲ. ಕೈಯಿಂದ ಹೊರಟ ಪ್ರತಿ ಸಾಲಿಗೂ ಅವರೇ ಜವಾಬ್ದಾರರು. ಹೊಗಳಿಕೆ ಇಷ್ಟು ಸಾಕು, ಹೆಚ್ಚಾದರೆ ಮುಂದೆ ಏನೋ ಕಾದಿದೆ ಎಂದು ನಿನಗೆ ಅನುಮಾನ ಬರುತ್ತದೆ. ಅನುಮಾನ ಸರಿಯಾದದ್ದೇ.

ನನ್ನ ತಲೆಯಲ್ಲಿ ಕುಳಿತಿರುವುದು ನಾನು ನಿನ್ನ ಮನೆಯಲ್ಲಿದ್ದಾಗ ನಿನಗೆ ಬಂದ ಆ ಜ್ವರ. ಎಡಗಂಕುಳಲ್ಲಿ ಥರ್ಮಾಮೀಟರ್ ಒತ್ತಿ ಹಿಡಿದುಕೊಂಡು ನೀನು ಬಲಗೈಯೊಂದರಿಂದಲೇ ಟೈಪ್ ಮಾಡುತ್ತಿದ್ದೆ. ನೀರಿನ ಲೋಟ ಹಿಡಿದು ಹಿಂದೆ ನಿಂತಿದ್ದವನಿಗೆ ಪರದೆ ಕಾಣುತ್ತಿತ್ತು. "ಎಲ್ಲವೂ ಸುಗಮವಾಗಿ ನಡೆಯುತ್ತಿದೆ, ಬೆಳಿಗ್ಗೆ ಕಳುಹಿಸುತ್ತೇನೆ" ಎಂದು ಬರೆದೆ. ಕೊನೆಗೊಂದು ನಗುಮುಖ ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ. ಥರ್ಮಾಮೀಟರ್ 102 ಡಿಗ್ರಿ ತೋರಿಸುತ್ತಿತ್ತು. ಮಲಗು ಎಂದರೆ, ಕ್ಲೈಂಟಿಗೆ ಹೇಗೆ ಹೇಳುವುದು ಎಂದೆ. ಬೆಳಿಗ್ಗೆ ನೀನು ಕಳುಹಿಸಿದ ಫೈಲನ್ನು ಅವರು ತೆರೆದು ನೋಡಿದ್ದು ಒಂದು ವಾರದ ಮೇಲೆ ಎಂದು ಆಮೇಲೆ ನೀನೇ ನಗುತ್ತಾ ಹೇಳಿದ್ದೆ. ನನಗೆ ನಗು ಬರಲಿಲ್ಲ.

ಬೇರೆಯವರ ಲಾಭಕ್ಕಾಗಿ ಒಂದು ಸುಳ್ಳು ಸಾಲು ಬರೆಯಲಾರದವಳು ತನ್ನ ಮೈಯ ವಿಷಯದಲ್ಲಿ ಅಷ್ಟು ಸಲೀಸಾಗಿ ಸುಳ್ಳು ಬರೆದದ್ದು ಹೇಗೆ ಎಂಬುದೇ ನನಗೆ ಬಗೆಹರಿಯುತ್ತಿಲ್ಲ. ಇಷ್ಟು ದೊಡ್ಡ ಕೆಲಸವನ್ನು ತತ್ತ್ವಕ್ಕಾಗಿ ಬಿಟ್ಟುಕೊಡುವ ಧೈರ್ಯವಿದೆ, ಎರಡು ದಿನದ ಬಿಡುವು ಕೇಳುವ ಧೈರ್ಯವಿಲ್ಲ. ಪ್ರಾಮಾಣಿಕತೆ ಎಂದರೆ ಬೇರೆಯವರಿಗೆ ಮಾತ್ರ ಸಲ್ಲಬೇಕಾದದ್ದು ಎಂದು ನೀನು ತಿಳಿದಂತಿದೆ.

ನನಗೆ ಹಾಜರಿ ಪುಸ್ತಕವಿತ್ತು. ಅದನ್ನು ನಾನು ಬೈದುಕೊಂಡಷ್ಟು ಇನ್ನಾವುದನ್ನೂ ಬೈದಿಲ್ಲ. ಆದರೆ ಅದು ಬಂದ ಹೊತ್ತನ್ನು ಕೇಳುತ್ತಿದ್ದಂತೆಯೇ ಹೋಗುವ ಹೊತ್ತನ್ನೂ ಹೇಳುತ್ತಿತ್ತು, ಜ್ವರ ಬಂದರೆ ರಜೆಯ ಅರ್ಜಿಗೊಂದು ಜಾಗವಿತ್ತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ ವರ್ಷವೇ ಮಾಡಿಕೊಂಡ ಮೊದಲ ಒಪ್ಪಂದ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯದು. ಅದೂ ಕೈಗಾರಿಕೆಗಳಲ್ಲಿ ದುಡಿಯುವವರಿಗೆ. ತನಗೆ ತಾನೇ ಯಜಮಾನನಾದವನನ್ನು ಯಾವ ಒಪ್ಪಂದವೂ ಹೊತ್ತಿಗೆ ಸರಿಯಾಗಿ ಮನೆಗೆ ಕಳುಹಿಸುವುದಿಲ್ಲ. ನಿನ್ನ ಯಜಮಾನಿ ನೀನೇ, ಮತ್ತು ಹೇಳದೆ ವಿಧಿಯಿಲ್ಲ, ಆಕೆ ಒಳ್ಳೆಯ ಯಜಮಾನಿಯಲ್ಲ. ಬೇರೆ ಯಾರಾದರೂ ನಿನ್ನನ್ನು ಜ್ವರದಲ್ಲಿ ಹಾಗೆ ದುಡಿಸಿದ್ದರೆ ನೀನು ಅಂದೇ ರಾಜೀನಾಮೆ ಬರೆಯುತ್ತಿದ್ದೆ.

ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಕುಳಿತವನು ನಾನು, ಆದರೂ ಇಷ್ಟು ಕೇಳು. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ಕಾರ್ಮಿಕ ಸಂಘಟನೆಯೂ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನೀನು ಲೆಕ್ಕವಿಡುವುದು ಬಿಲ್ಲು ಹಾಕಬಹುದಾದ ಗಂಟೆಗಳನ್ನು ಮಾತ್ರ. ಮೇಲ್‌ಗಳಿಗೆ ಉತ್ತರ, ಕೊಟೇಶನ್, ಬಾಕಿ ಹಣಕ್ಕಾಗಿ ಮತ್ತೆ ಮತ್ತೆ ನೆನಪಿಸುವುದು, ಇವೆಲ್ಲ ಆ ಲೆಕ್ಕದ ಹೊರಗಿವೆ. ಒಂದು ವಾರ ಎಲ್ಲವನ್ನೂ ಬರೆದಿಟ್ಟು ಕೂಡಿಸಿ ನೋಡು.

2019ರಲ್ಲಿ ಅದೇ ಆರೋಗ್ಯ ಸಂಸ್ಥೆ ರೋಗಗಳ ವರ್ಗೀಕರಣವನ್ನು ಪರಿಷ್ಕರಿಸಿದಾಗ, ಬರ್ನ್‌ಔಟ್ ಎಂಬುದು ಕಾಯಿಲೆಯಲ್ಲ, ದುಡಿಮೆಯ ಒತ್ತಡ ಬಹುಕಾಲ ಹತೋಟಿಗೆ ಬಾರದಿದ್ದಾಗ ಉಂಟಾಗುವ ಸ್ಥಿತಿ ಎಂದು ವಿವರಿಸಿ ಮೂರು ಗುರುತುಗಳನ್ನು ಹೇಳಿತು: ಬಳಲಿಕೆ, ಕೆಲಸದ ಬಗ್ಗೆ ದೂರವಾದ ಇಲ್ಲವೆ ಕಹಿಯಾದ ಮನಸ್ಸು, ಕುಗ್ಗಿದ ಸಾಮರ್ಥ್ಯ. ನನ್ನನ್ನು ಹೆದರಿಸುವುದು ಎರಡನೆಯದು. ಒಂದು ಅಕ್ಷರದ ಬಾಲ ಎಷ್ಟು ಉದ್ದವಿರಬೇಕು ಎಂದು ನನ್ನನ್ನು ಕೂರಿಸಿಕೊಂಡು ವಿವರಿಸುತ್ತಿದ್ದವಳು, ಈಗ ಯಾವ ಕೆಲಸ ಕೇಳಿದರೂ "ಏನೋ ಒಂದು" ಎನ್ನುತ್ತೀಯೆ.

ಹಣದ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮುಂಗಡವಿಲ್ಲದೆ ಕೆಲಸ ಶುರುಮಾಡಬೇಡ, ತೆರಿಗೆಯ ಪಾಲನ್ನು ಹಣ ಬಂದ ದಿನವೇ ಬೇರೆ ಖಾತೆಗೆ ಹಾಕು, ತಿದ್ದುಪಡಿ ಎಷ್ಟು ಸಲ ಎಂಬುದನ್ನು ಮೊದಲೇ ಬರೆದುಕೊಡು. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ರಜೆಯ ದಿನಗಳೂ ಜ್ವರದ ದಿನಗಳೂ ನಿನ್ನ ದರದಲ್ಲೇ ಸೇರಿರಬೇಕು. ನನ್ನ ಸಂಬಳದಲ್ಲಿ ಅವು ಸೇರಿದ್ದವು, ನಾನು ಗಮನಿಸಿರಲಿಲ್ಲ ಅಷ್ಟೆ. ವರ್ಷದ ಎಲ್ಲ ದಿನವೂ ಆರೋಗ್ಯವಾಗಿರುವವಳೊಬ್ಬಳನ್ನು ಊಹಿಸಿಕೊಂಡು ದರ ಹಾಕಿದರೆ, ಮಲಗಿದ ಪ್ರತಿ ದಿನವೂ ನಿನಗೆ ನಷ್ಟದ ದಿನವಾಗಿ ಕಾಣುತ್ತದೆ, ಆಗ ನಗುಮುಖದ ಮೇಲ್ ಬರೆಯದೆ ಇನ್ನೇನು ಮಾಡುತ್ತೀಯೆ? ಅರ್ಧಕ್ಕಿಂತ ಹೆಚ್ಚು ಒಬ್ಬರಿಂದಲೇ ಬರುತ್ತಿದ್ದಾಗಲೂ ಇದೇ ಆಯಿತು. ಅದು ಹೆಸರಿಗೆ ಸ್ವಂತ ಉದ್ಯೋಗ, ನಿಜದಲ್ಲಿ ರಜೆಯಿಲ್ಲದ ನೌಕರಿ. ಅವರು ಹೋದದ್ದು ಒಳ್ಳೆಯದೇ ಆಯಿತೆಂದು ಈಗ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ, ಹೇಳುವುದಿಲ್ಲ.

ಮತ್ತೆ ಜ್ವರಕ್ಕೇ ಬಂದೆ, ನೋಡು. ಮುಂದಿನ ಸಲ ಬಂದಾಗ (ಬರಬಾರದು, ಆದರೆ ಬರುತ್ತದೆ) ಕ್ಲೈಂಟಿಗೆ ಇಷ್ಟೇ ಬರೆ: "ಜ್ವರ ಬಂದಿದೆ, ಗುರುವಾರದ ಬದಲು ಸೋಮವಾರ ಕಳುಹಿಸುತ್ತೇನೆ." ಕ್ಷಮೆಯೂ ಬೇಡ, ನಗುಮುಖವೂ ಬೇಡ. ಅದರ ಒಂದು ಪ್ರತಿ ನನಗೂ ಬರಲಿ.

ಹೊಸ ಕೆಲಸ ಕುದುರುವವರೆಗೆ ಹಣ ಬೇಕಾದರೆ ಸಂಕೋಚಪಡಬೇಡ. ಸಾಲವೆಂದೇ ಬರೆದುಕೊಳ್ಳೋಣ, ನಿನಗೆ ಹಾಗಿದ್ದರೇ ಸಮಾಧಾನ ಎಂದು ಗೊತ್ತು. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಅಂದು ಕೆಲಸವಿದೆ ಎಂದು ಮಾತ್ರ ಹೇಳಬೇಡ.

ನಿನ್ನ
ಅಪ್ಪ