ನೀವು ನಿಮ್ಮೊಳಗೆ ಮಾತಾಡಿಕೊಂಡಿದ್ದಕ್ಕೆ ಥ್ಯಾಂಕ್ಸ್

ಅಪ್ಪ ಈಗ ಕೋಲು ಹಿಡಿದು ಓಡಾಡುತ್ತಾರೆ. ಮಾತು ಇನ್ನೂ ಸ್ವಲ್ಪ ತೊದಲುತ್ತದೆ. ನಮ್ಮನ್ನು ಬೈಯುವಾಗ ಮಾತ್ರ ಸ್ಪಷ್ಟವಾಗಿಯೇ ಬರುತ್ತದೆ! ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಬಿದ್ದುಹೋಗಿದ್ದವರು ಇಷ್ಟರಮಟ್ಟಿಗೆ ಎದ್ದಿದ್ದಾರೆ ಅಂದರೆ ಅದರ ಹಿಂದೆ ತುಂಬಾ ಜನ ಇದ್ದಾರೆ. ಅವರಿಗೆ ನಾಲ್ಕು ಜನರ ಮುಂದೆ ಕೃತಜ್ಞತೆ ಹೇಳಬೇಕು ಅನ್ನಿಸಿತು. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹಾಕಿಲ್ಲ.

ಆಸ್ಪತ್ರೆಯಲ್ಲಿ ಜೀವ ಉಳಿಸಿದವರ ಋಣ ದೊಡ್ಡದು. ಅದನ್ನು ಅವರಿಗೆ ಆಗಲೇ ಹೇಳಿ ಬಂದಿದ್ದೇವೆ. ಈಗ ಹೇಳುವುದು ಮನೆಗೆ ಬಂದ ಮೇಲಿನ ಕಥೆ. ಆಸ್ಪತ್ರೆಯಲ್ಲಿದ್ದಾಗ ಎಲ್ಲರೂ ಒಂದೇ ಫೈಲ್ ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಡಾಕ್ಟರ್ ಒಂದು ಕಡೆ, ಸಿಸ್ಟರ್ ಒಂದು ಕಡೆ, ಫಿಸಿಯೋ ಇನ್ನೊಂದು ಕಡೆ. ಇವರು ಹೇಳಿದ್ದನ್ನು ಅವರಿಗೆ ಮುಟ್ಟಿಸುವ ಕೆಲಸ ಮನೆಯವರ ತಲೆಗೆ ಬರುತ್ತದೆ. ನಮಗೋ ಅರ್ಧ ಅರ್ಥವಾಗಿರುವುದಿಲ್ಲ, ಇನ್ನರ್ಧ ನೆನಪಿರುವುದಿಲ್ಲ.

ನಮ್ಮ ಪುಣ್ಯಕ್ಕೆ ಈ ನಾಲ್ಕೈದು ಜನ ತಮ್ಮೊಳಗೆ ಮಾತಾಡಿಕೊಳ್ಳುವ ರೂಢಿ ಇಟ್ಟುಕೊಂಡಿದ್ದರು. ವಾರಕ್ಕೊಮ್ಮೆ ಎಲ್ಲರೂ ಕೂತು, ಮನೆಯಲ್ಲೇ ಆರೈಕೆಯಲ್ಲಿರುವ ರೋಗಿಗಳ ಬಗ್ಗೆ ಚರ್ಚೆ ಮಾಡುತ್ತಾರೆ. ಅಪ್ಪನ ವಿಷಯ ಅಲ್ಲಿ ಮಾತಾಡಬಹುದಾ ಅಂತ ಮೊದಲೇ ನಮ್ಮ ಒಪ್ಪಿಗೆ ಕೇಳಿದ್ದರು.

ಅದರಿಂದ ಏನಾಯಿತು ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಅಪ್ಪನ ಎರಡೂ ಪಾದ ಊದಿಕೊಳ್ಳಲು ಶುರುವಾಯಿತು. ಡ್ರೆಸಿಂಗ್‌ಗೆ ಬರುತ್ತಿದ್ದ ಸಿಸ್ಟರ್ ಅದನ್ನು ಗುರುತು ಹಾಕಿಕೊಂಡರು. ಅದೇ ಸಮಯದಲ್ಲಿ ಫಿಸಿಯೋಗೆ ಬೇರೆಯೇ ತಲೆನೋವು. ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿದರೆ ಸಾಕು, ಅಪ್ಪನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ನಮ್ಮ ಮಟ್ಟಿಗೆ ಇವು ಎರಡು ಬೇರೆ ಬೇರೆ ತೊಂದರೆ. ಸುಮ್ನೆ ಬಿಟ್ಟಿದ್ದರೆ ಊತಕ್ಕೆ ಒಂದು, ತಲೆಸುತ್ತಿಗೆ ಒಂದು ಅಂತ ಇನ್ನೆರಡು ಮಾತ್ರೆ ಜಾಸ್ತಿ ಆಗುತ್ತಿದ್ದವೇನೋ. ವಾರದ ಚರ್ಚೆಯಲ್ಲಿ ಇಬ್ಬರೂ ತಾವು ಕಂಡಿದ್ದನ್ನು ಹೇಳಿದರು. ಅಲ್ಲಿದ್ದ ಫಾರ್ಮಸಿಸ್ಟ್ ಮಾತ್ರೆಗಳ ಪಟ್ಟಿ ತರಿಸಿ ನೋಡಿದರು. ಆಮ್ಲೋಡಿಪಿನ್ ಅನ್ನುವ ಬಿಪಿ ಔಷಧ ಎರಡು ಸಲ ಹೋಗುತ್ತಿತ್ತು! ಒಂದು ಹಳೆಯ ಮಾತ್ರೆಯಲ್ಲಿ. ಇನ್ನೊಂದು, ಎರಡು ಔಷಧ ಸೇರಿಸಿ ಮಾಡಿದ ಹೊಸ ಮಾತ್ರೆಯೊಳಗೆ. ಬ್ರ್ಯಾಂಡ್ ಹೆಸರು ಬೇರೆ, ಬಣ್ಣ ಬೇರೆ, ನಮಗೆ ಹೇಗೆ ಗೊತ್ತಾಗಬೇಕು ಹೇಳಿ. ಆ ಔಷಧ ಜಾಸ್ತಿಯಾದರೆ ಪಾದ ಊದುತ್ತದೆ, ಬಿಪಿ ತೀರಾ ಇಳಿದು ನಿಂತಾಗ ತಲೆ ಸುತ್ತುತ್ತದೆ. ಡಾಕ್ಟರ್ ಒಂದನ್ನು ನಿಲ್ಲಿಸಿದರು. ಎರಡೂ ತೊಂದರೆ ಒಟ್ಟಿಗೇ ಹೋದವು.

ಯಾರ ಮೇಲೂ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ರೋಗಿ ಹೋದಾಗ ಔಷಧದಲ್ಲಿ ಹೀಗೆ ಎಡವಟ್ಟಾಗುವುದು ಎಲ್ಲ ದೇಶಗಳಲ್ಲೂ ಇದೆಯಂತೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇಂಥ ಹಾನಿ ತಡೆಯಲೆಂದೇ ಒಂದು ದೊಡ್ಡ ಅಭಿಯಾನ ಶುರುಮಾಡಿತ್ತು ಅಂತ ಆಮೇಲೆ ಆ ಫಾರ್ಮಸಿಸ್ಟ್ ಹೇಳಿದರು. ಈಗ ಎಲ್ಲ ಮಾತ್ರೆಗಳನ್ನೂ ಬ್ರ್ಯಾಂಡ್ ಹೆಸರಿನ ಜೊತೆ ಒಳಗಿರುವ ಔಷಧದ ಹೆಸರನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಯಾರ ಹತ್ತಿರ ಹೋದರೂ ಆ ಹಾಳೆ ಜೊತೆಗಿರುತ್ತದೆ.

ಸ್ಪೀಚ್ ಥೆರಪಿಸ್ಟ್‌ಗೂ ನಮಸ್ಕಾರ. ಮಾತು ಕಲಿಸುವವರು ನೀರು ಕುಡಿಯುವುದನ್ನು ಯಾಕೆ ಪರೀಕ್ಷೆ ಮಾಡುತ್ತಾರೆ ಅಂತ ನಮಗೆ ಆಶ್ಚರ್ಯವಾಗಿತ್ತು. ಮಾತಿಗೂ ನುಂಗುವುದಕ್ಕೂ ಬೇಕಾದ ಸ್ನಾಯುಗಳು ಬಹುಪಾಲು ಅವೇ ಅಲ್ವಾ! ಲಕ್ವ ಆದವರಿಗೆ ನೀರು ಕೆಮ್ಮೂ ಬರದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೀರನ್ನು ಎಷ್ಟು ಮಂದ ಮಾಡಿ ಕೊಡಬೇಕು, ಹೇಗೆ ಕೂರಿಸಿ ಕೊಡಬೇಕು ಅನ್ನುವುದನ್ನು ಅವರು ನಮಗೊಬ್ಬರಿಗೇ ಹೇಳಿ ಸುಮ್ಮನಾಗಲಿಲ್ಲ. ಸಿಸ್ಟರ್‌ಗೂ ತೋರಿಸಿಕೊಟ್ಟರು, ಫಿಸಿಯೋಗೂ ಹೇಳಿದರು. ಹಾಗಾಗಿ ವ್ಯಾಯಾಮ ಮುಗಿದ ಮೇಲೆ ಅಪ್ಪ ಎಷ್ಟೇ ಗೋಗರೆದರೂ ಮಲಗಿದಲ್ಲಿಗೆ ಯಾರೂ ನೀರು ಕೊಡುತ್ತಿರಲಿಲ್ಲ.

ಮಧ್ಯದಲ್ಲಿ ಅಪ್ಪ ಪೂರ್ತಿ ಮಂಕಾಗಿಬಿಟ್ಟರು. ಹಟ ಮಾಡುತ್ತಿದ್ದಾರೆ ಅಂತಲೇ ನಾವು ತಿಳಿದಿದ್ದೆವು. ಲಕ್ವ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಅಂತ ಹೇಳಿದವರು ಸಿಸ್ಟರ್. ನಮ್ಮೆದುರೇ ಡಾಕ್ಟರ್‌ಗೆ ಫೋನ್ ಮಾಡಿದರು. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನಾಗಬೇಕು ಅಂತ ನಾಲ್ಕೇ ಮಾತಲ್ಲಿ ಮುಗಿಸಿದರು. ಹೀಗೆ ಹೇಳುವ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದಿದ್ದಂತೆ. ನನಗೆ ಅದಕ್ಕಿಂತ ಹಿಡಿಸಿದ್ದು, ಆ ಕಡೆಯಿಂದ ಡಾಕ್ಟರ್ ‘ನಿಮಗೆ ಹಾಗನ್ನಿಸಿದರೆ ನಾಳೆಯೇ ಬಂದು ನೋಡ್ತೀನಿ ಸಿಸ್ಟರ್’ ಅಂದಿದ್ದು. ನರ್ಸ್ ಮಾತಿಗೆ ಅಷ್ಟು ಬೆಲೆ ಕೊಡುವ ಡಾಕ್ಟರ್ ಎಲ್ಲ ಕಡೆ ಸಿಗುವುದಿಲ್ಲ.

ಈ ಫೋನುಗಳಿಗೆ, ಆ ವಾರದ ಚರ್ಚೆಗೆ ನೀವು ನಮ್ಮಿಂದ ಏನೂ ತೆಗೆದುಕೊಂಡಿಲ್ಲ. ಯಾವ ಬಿಲ್ಲಿನಲ್ಲೂ ಅದು ಬರುವುದಿಲ್ಲ. ಅಮ್ಮ, ತಮ್ಮ, ನಾನು, ಎಲ್ಲರ ಪರವಾಗಿ ನಿಮಗೆ ಕೈ ಮುಗಿಯುತ್ತೇನೆ. ನಿಮ್ಮ ಚರ್ಚೆಗೆ ಮನೆಯವರನ್ನೂ ಆಗಾಗ ಕರೆಯಬೇಕು ಅಂದಿದ್ದಿರಲ್ಲ, ಯಾವಾಗ ಕರೆದರೂ ನಾನು ಬರುತ್ತೇನೆ.

ಫಿಸಿಯೋ ಸರ್, ಇನ್ನೊಂದು ಮಾತು. ಎಡಗೈ ವ್ಯಾಯಾಮ ದಿನಾ ಮಾಡ್ತಿದ್ದೀನಿ ಅಂತ ಅಪ್ಪ ನಿಮಗೆ ಹೇಳಿದ್ದು ಸುಳ್ಳು. ಮುಂದಿನ ಸಲ ಬಂದಾಗ ಸ್ವಲ್ಪ ವಿಚಾರಿಸಿಕೊಳ್ಳಿ.